ಡಬ್ಬಿಯೊಳಗೇನಿದೆ ಎಂದು ನೋಡುವವರು ಯಾರು?

ನಿಮ್ಮ ಮನೆಯ ಕನ್ನಡಿಯ ಮುಂದಿರುವ ಡಬ್ಬಿ, ಬಾಟಲಿ, ಟ್ಯೂಬುಗಳನ್ನು ಒಮ್ಮೆ ಎಣಿಸಿ ನೋಡಿ. ಪೌಡರ್, ಸ್ನೋ, ಶಾಂಪೂ, ತಲೆಗೂದಲಿನ ಬಣ್ಣ, ಮಗುವಿನ ಎಣ್ಣೆ, ಸುರುಮದ ಸಣ್ಣ ಶೀಶೆ, ಕಳೆದ ಈದ್‌ಗೆ ತಂದು ಉಳಿದ ಮದರಂಗಿಯ ಕೋನ್, ಗಲ್ಫ್‌ನಿಂದ ಬಂದ ಸಂಬಂಧಿಕರು ಪ್ರೀತಿಯಿಂದ ಕೊಟ್ಟ ಕ್ರೀಮ್. ಸಾಧಾರಣ ಮನೆಯಲ್ಲೂ ಲೆಕ್ಕ ಹತ್ತನ್ನು ದಾಟುತ್ತದೆ. ಈಗ ಒಂದೊಂದನ್ನೇ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ ಇವೆಲ್ಲ ಎಷ್ಟರ ಮೇಲಿದೆ? ಎಷ್ಟರ ಮೇಲೆ ಬರೀ ಹೂವಿನ ಚಿತ್ರವೂ ಸುಂದರಿಯ ಮುಖವೂ ಇದೆ?

ಈ ವಿಷಯ ಬಂದಾಗಲೆಲ್ಲ ಎರಡು ಮಾತುಗಳು ಕೇಳಿ ಬರುತ್ತವೆ. "ಸರಕಾರ ಎಲ್ಲವನ್ನೂ ಪರೀಕ್ಷೆ ಮಾಡಿಸಬೇಕು, ಪರೀಕ್ಷೆಯಾಗದ ಒಂದು ಡಬ್ಬಿಯೂ ಅಂಗಡಿಯಲ್ಲಿರಬಾರದು" ಎನ್ನುವವರು ಕೆಲವರು. "ನಮ್ಮ ಅಜ್ಜಿಯಂದಿರು ಯಾವ ಲ್ಯಾಬಿಗೆ ಕಳಿಸಿ ಸುರುಮ ಹಚ್ಚಿಕೊಂಡಿದ್ದರು? ಈ ಕಾಯ್ದೆಗಳೆಲ್ಲ ದೊಡ್ಡ ಕಂಪೆನಿಗಳಿಗೆ ಅನುಕೂಲ, ಬಡವರ ಹೊಟ್ಟೆಗೆ ಹೊಡೆತ" ಎನ್ನುವವರು ಇನ್ನು ಕೆಲವರು. ಎರಡರಲ್ಲೂ ಅರ್ಧ ಸತ್ಯವಿದೆ. ಪರೀಕ್ಷೆ ಪುಕ್ಕಟೆಯಾಗಿ ಆಗುವುದಿಲ್ಲ. ಅದರ ಖರ್ಚನ್ನು ಕೊನೆಗೆ ಯಾರೋ ಒಬ್ಬರು ತೆರಲೇಬೇಕು. ಪರೀಕ್ಷೆ ಇಲ್ಲದಿರುವುದೂ ಪುಕ್ಕಟೆಯಲ್ಲ. ಅದರ ಬಿಲ್ಲು ಅಂಗಡಿಯಲ್ಲಿ ಬರುವುದಿಲ್ಲ, ಆಸ್ಪತ್ರೆಯಲ್ಲಿ ಬರುತ್ತದೆ ಅಷ್ಟೇ. ಆದ್ದರಿಂದ ಪರೀಕ್ಷೆ ಬೇಕೋ ಬೇಡವೋ ಎಂದು ವಾದಿಸುವುದಕ್ಕಿಂತ ಯಾವುದಕ್ಕೆ ಬೇಕು, ಎಷ್ಟು ಬೇಕು, ಖರ್ಚು ಯಾರದು ಎಂದು ಕೇಳುವುದು ಮೇಲು.

ರೆಪ್ಪೆಯ ಬಣ್ಣ ತಂದ ಕಾನೂನು

1933ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಒಬ್ಬ ತಾಯಿ ಶಾಲೆಯ ಪೋಷಕರ ಸಂಘದ ಔತಣಕ್ಕೆ ಹೊರಟಿದ್ದರು. ಅದಕ್ಕೆ ಮುಂಚೆ ಬ್ಯೂಟಿ ಪಾರ್ಲರ್‌ಗೆ ಹೋಗಿ ಹುಬ್ಬು ಮತ್ತು ರೆಪ್ಪೆಗಳಿಗೆ 'ಲ್ಯಾಶ್ ಲೂರ್' ಎಂಬ ಹೊಸ ಬಣ್ಣ ಹಾಕಿಸಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಕಣ್ಣು ಉರಿಯತೊಡಗಿತು, ಮುಖ ಊದಿತು. ಕೊನೆಗೆ ಅವರ ದೃಷ್ಟಿಯೇ ಹೋಯಿತು. ಅದೇ ಬಣ್ಣದಿಂದ ಇನ್ನೂ ಹಲವರ ಕಣ್ಣಿಗೆ ಹಾನಿಯಾಯಿತು, ಒಬ್ಬಾಕೆ ತೀರಿಯೇ ಹೋದರು. ಆ ಬಣ್ಣದಲ್ಲಿದ್ದ ರಾಸಾಯನಿಕದ ಹೆಸರು ಪ್ಯಾರಾಫಿನಿಲೀನ್‌ಡೈಅಮೈನ್. ನಾಲಿಗೆ ತಿರುಚುವ ಈ ಹೆಸರನ್ನು ಚುಟುಕಾಗಿ ಪಿಪಿಡಿ ಎನ್ನುತ್ತಾರೆ. ಇದನ್ನು ನೆನಪಿಡಿ, ಮುಂದೆ ಮದರಂಗಿಯ ಬಳಿ ಇದು ಮತ್ತೆ ಬರಲಿದೆ.

ಅಮೆರಿಕದ ಸರಕಾರ ಏನು ಮಾಡಿತು? ಏನೂ ಮಾಡುವಂತಿರಲಿಲ್ಲ. ಅಲ್ಲಿದ್ದ 1906ರ ಕಾಯ್ದೆ ಆಹಾರ ಮತ್ತು ಔಷಧಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮುಖಕ್ಕೆ ಹಚ್ಚುವ ಪದಾರ್ಥ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ಅಧಿಕಾರಿಗಳು ಆ ಮಹಿಳೆಯ ಹಿಂದಿನ ಮತ್ತು ನಂತರದ ಭಾವಚಿತ್ರಗಳನ್ನು ಒಂದು ಪ್ರದರ್ಶನದಲ್ಲಿ ತೂಗುಹಾಕಿ ಜನರಿಗೆ ತೋರಿಸಿದರು. ಐದು ವರ್ಷ ಜಗ್ಗಾಟ ನಡೆಯಿತು. ನಡುವೆ 1937ರಲ್ಲಿ ವಿಷಕಾರಿ ದ್ರವದಲ್ಲಿ ಕರಗಿಸಿ ಮಾರಿದ ಒಂದು ಔಷಧಿಯಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಗ ದೇಶ ಬೆಚ್ಚಿ ಬಿದ್ದಿತು. 1938ರಲ್ಲಿ ಹೊಸ ಕಾಯ್ದೆ ಬಂತು, ಅದರಡಿಯಲ್ಲಿ ಮೊದಲು ಮುಟ್ಟುಗೋಲಾದ ವಸ್ತು ಅದೇ ಲ್ಯಾಶ್ ಲೂರ್.

ಇಲ್ಲೊಂದು ಸ್ವಾರಸ್ಯವಿದೆ. ತಲೆಗೂದಲಿನ ಬಣ್ಣದ ಉದ್ಯಮದವರು ಆ ಕಾಯ್ದೆಯಲ್ಲೂ ತಮಗೊಂದು ಕಿಂಡಿ ಬಿಡಿಸಿಕೊಂಡರು. ಪೆಟ್ಟಿಗೆಯ ಮೇಲೆ ಎಚ್ಚರಿಕೆ ಬರೆದು, ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಿಕೊಳ್ಳಿ ಎಂದು ಹೇಳಿದರೆ ಸಾಕು, ಅದೇ ರಾಸಾಯನಿಕವನ್ನು ತಲೆಗೆ ಮಾರಬಹುದು. ಅಂದರೆ ಪರೀಕ್ಷೆಯ ಹೊಣೆಯನ್ನು ಕಾರ್ಖಾನೆಯಿಂದ ತೆಗೆದು ಗಿರಾಕಿಯ ಕಿವಿಯ ಹಿಂದಕ್ಕೆ ಸಾಗಿಸಿದರು! ನಮ್ಮ ದೇಶದ ಕಾನೂನಿನಲ್ಲೂ ಅದೇ ಎಚ್ಚರಿಕೆ ಇದೆ. ಹತ್ತಿರದ ಅಂಗಡಿಯಿಂದ ಒಂದು ಹೇರ್ ಡೈ ತಂದು ಅದರೊಳಗಿನ ಚೀಟಿ ಓದಿ ನೋಡಿ. ಹುಬ್ಬಿಗೆ, ರೆಪ್ಪೆಗೆ ಹಚ್ಚಬಾರದು, ಕುರುಡಾಗುವ ಅಪಾಯವಿದೆ ಎಂದು ಬರೆದಿರುತ್ತದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಹಚ್ಚಿ 24 ಗಂಟೆ ಕಾಯಬೇಕೆಂದೂ ಇರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಕಾಯುತ್ತಾರೆ? ಮದುವೆ ನಾಳೆ ಇರುವಾಗ ಇಂದು ರಾತ್ರಿ ತಾನೇ ಡೈ ತರುವುದು.

ಮೊಲಗಳು ತೆತ್ತ ಬೆಲೆ

ಕಾನೂನು ಬಂದ ಮೇಲೆ ಪರೀಕ್ಷೆ ಶುರುವಾಯಿತು. ಯಾರ ಮೇಲೆ? 1944ರಲ್ಲಿ ಜಾನ್ ಡ್ರೇಝ್ ಎಂಬ ಅಮೆರಿಕದ ಸರಕಾರಿ ವಿಜ್ಞಾನಿ ಒಂದು ವಿಧಾನವನ್ನು ರೂಪಿಸಿದರು. ಮೊಲದ ಒಂದು ಕಣ್ಣಿಗೆ ರಾಸಾಯನಿಕ ಹಾಕುವುದು, ಇನ್ನೊಂದು ಕಣ್ಣನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡುವುದು. ಉರಿ, ಕೆಂಪು, ಹುಣ್ಣು ಎಲ್ಲಕ್ಕೂ ಅಂಕ. ದಶಕಗಳ ಕಾಲ ಶಾಂಪೂವಿನಿಂದ ಮಸ್ಕಾರದವರೆಗೆ ಎಲ್ಲದಕ್ಕೂ ಇದೇ ಅಳತೆಗೋಲಾಯಿತು. ಮನುಷ್ಯನ ಕಣ್ಣು ಉಳಿಸಲು ಮೊಲದ ಕಣ್ಣು.

ಬೆಕ್ಕನ್ನು ಕಟ್ಟಿಹಾಕಿ ಹಸಿವೆಯಿಂದ ಸಾಯಿಸಿದ ಹೆಂಗಸಿನ ಕಥೆಯನ್ನು ಮದ್ರಸದ ಸಣ್ಣ ತರಗತಿಯಲ್ಲೇ ಕಲಿಯುವ ನಮಗೆ ಇದನ್ನು ಓದುವಾಗ ಕಸಿವಿಸಿಯಾಗದಿರದು. ಔಷಧಿಗಾಗಿ, ಜೀವ ಉಳಿಸಲಿಕ್ಕಾಗಿ ಎಂದರೆ ಒಂದು ಮಾತು. ಆದರೆ ಇನ್ನೊಂದು ಹೊಸ ಬಣ್ಣದ ಲಿಪ್‌ಸ್ಟಿಕ್ಕಿಗಾಗಿ? 1980ರಲ್ಲಿ ಹೆನ್ರಿ ಸ್ಪಿರ ಎಂಬವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ರೆವ್ಲಾನ್ ಕಂಪೆನಿಯನ್ನು ಇದೇ ಪ್ರಶ್ನೆ ಕೇಳಿದರು. ಆ ಕಂಪೆನಿ ಕೊನೆಗೆ ಪರ್ಯಾಯ ವಿಧಾನಗಳ ಸಂಶೋಧನೆಗೆ ಹಣ ಕೊಟ್ಟಿತು. ಐರೋಪ್ಯ ಒಕ್ಕೂಟ ಸಿದ್ಧ ವಸ್ತುಗಳ ಪ್ರಾಣಿ ಪರೀಕ್ಷೆಯನ್ನು 2004ರಲ್ಲೂ ಘಟಕ ಪದಾರ್ಥಗಳ ಪರೀಕ್ಷೆಯನ್ನು 2009ರಲ್ಲೂ ನಿಷೇಧಿಸಿತು. 2013ರ ಮಾರ್ಚ್‌ನಲ್ಲಿ ಹಾಗೆ ಪರೀಕ್ಷಿಸಿದ ವಸ್ತುಗಳ ಮಾರಾಟಕ್ಕೂ ಬಾಗಿಲು ಮುಚ್ಚಿತು. ಭಾರತ 2014ರಲ್ಲಿ ಮೊದಲು ಪರೀಕ್ಷೆಯನ್ನು, ಅದೇ ವರ್ಷ ಅಂತಹ ವಸ್ತುಗಳ ಆಮದನ್ನು ನಿಷೇಧಿಸಿತು. ದಕ್ಷಿಣ ಏಷ್ಯಾದಲ್ಲಿ ನಾವೇ ಮೊದಲಿಗರು. ಇಂತಹ ಒಳ್ಳೆಯ ಸುದ್ದಿಗಳು ನಮ್ಮಲ್ಲಿ ಯಾಕೋ ಸುದ್ದಿಯಾಗುವುದೇ ಇಲ್ಲ.

ಹಾಗಾದರೆ ಈಗ ಪರೀಕ್ಷೆ ಹೇಗೆ? ಮನುಷ್ಯರ ಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೆಳುವಾದ ಚರ್ಮದ ಪದರ ತಯಾರಿಸುತ್ತಾರೆ, ಅದರ ಮೇಲೆ ಹಚ್ಚಿ ನೋಡುತ್ತಾರೆ. ಕಣ್ಣಿನ ಪರೀಕ್ಷೆಗೆ ಕಸಾಯಿಖಾನೆಯಲ್ಲಿ ಹೇಗೂ ಎಸೆದು ಬಿಡುವ ದನದ, ಕೋಳಿಯ ಕಣ್ಣುಗಳನ್ನು ಬಳಸುವ ವಿಧಾನಗಳಿವೆ. ಸೀಸ, ಪಾದರಸದಂತಹ ಲೋಹಗಳನ್ನು ಪತ್ತೆ ಹಚ್ಚಲಿಕ್ಕಂತೂ ಯಾವ ಪ್ರಾಣಿಯೂ ಬೇಕಿಲ್ಲ, ಒಂದು ಯಂತ್ರ ಸಾಕು. ಈ ಮಾತು ಮುಖ್ಯ. ನಮ್ಮ ಮನೆಗಳಲ್ಲಿ ನಿಜವಾದ ಅಪಾಯ ತರುತ್ತಿರುವುದು ಹೆಚ್ಚಾಗಿ ಇಂತಹ ಹಳೆಯ, ಪರಿಚಿತ ವಿಷಗಳೇ ಹೊರತು ಯಾರಿಗೂ ಗೊತ್ತಿಲ್ಲದ ಹೊಸ ರಾಸಾಯನಿಕಗಳಲ್ಲ.

ಮಾರುಕಟ್ಟೆಯ ಮೇಲೆ ಕಣ್ಣಿಡುವುದು ಪಾಶ್ಚಾತ್ಯರು ಕಲಿಸಿದ ವಿದ್ಯೆ ಎಂದು ಯಾರೂ ಭಾವಿಸಬೇಕಿಲ್ಲ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಕ್ಕೆ ಕೈಹಾಕಿ ಒಳಗಿನ ತೇವವನ್ನು ಪತ್ತೆ ಹಚ್ಚಿದ ಪ್ರಸಂಗ ನಿಮಗೆ ತಿಳಿದಿದೆ. ಮೇಲೆ ಒಣಗಿದ್ದು, ಒಳಗೆ ಒದ್ದೆ. ಮುಂದೆ ಮುಸ್ಲಿಮ್ ನಗರಗಳಲ್ಲಿ ಈ ಕೆಲಸಕ್ಕೆಂದೇ 'ಮುಹ್ತಸಿಬ್' ಎಂಬ ಅಧಿಕಾರಿ ಇದ್ದರು. 12ನೆಯ ಶತಮಾನದಲ್ಲಿ ಸಿರಿಯದ ಅಶ್ಶೈಝರಿ ಎಂಬ ವಿದ್ವಾಂಸರು ಅವರಿಗಾಗಿ ಒಂದು ಕೈಪಿಡಿ ಬರೆದಿದ್ದಾರೆ. ರೊಟ್ಟಿ ಸುಡುವವರು, ಸುಗಂಧ ಮಾರುವವರು, ಕಣ್ಣಿಗೆ ಔಷಧಿ ಹಚ್ಚುವವರು ಹೀಗೆ ಕಸುಬಿಗೊಂದು ಅಧ್ಯಾಯ. ಕಣ್ಣಿನ ವೈದ್ಯರನ್ನು ಹುನೈನ್ ಇಬ್ನ್ ಇಸ್‌ಹಾಕ್‌ರ ನೇತ್ರಗ್ರಂಥದ ಆಧಾರದಲ್ಲಿ ಪರೀಕ್ಷಿಸಿಯೇ ಕೆಲಸಕ್ಕೆ ಬಿಡಬೇಕು ಎಂದಿದೆ. ಬೀದಿಯಲ್ಲಿ ಅಲೆಯುತ್ತಾ ಕಣ್ಣಿಗೆ ಹಚ್ಚುವವರನ್ನು ನಂಬಬಾರದೆಂದೂ ಅದರಲ್ಲಿದೆ. ಎಂಟುನೂರು ವರ್ಷ ಕಳೆದರೂ ಬೀದಿಯ ಸುರುಮದ ಕಥೆ ಬದಲಾಗಿಲ್ಲ.

ನಮ್ಮ ಕಾನೂನು, ನಮ್ಮ ಖರ್ಚು

ನಮ್ಮಲ್ಲಿ 1940ರಲ್ಲಿ ಬಂದದ್ದು ಔಷಧಗಳ ಕಾಯ್ದೆ ಮಾತ್ರ. ಸೌಂದರ್ಯವರ್ಧಕಗಳನ್ನು ಅದಕ್ಕೆ ಸೇರಿಸಿದ್ದು 1962ರ ತಿದ್ದುಪಡಿ. 2020ರ ಡಿಸೆಂಬರ್‌ನಲ್ಲಿ ಅವುಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂತು. ಅದರಂತೆ ಮಾರಾಟಕ್ಕಾಗಿ ತಯಾರಿಸುವ ಯಾರೇ ಆದರೂ ರಾಜ್ಯದ ಔಷಧ ಅಧಿಕಾರಿಗಳಿಂದ ಲೈಸೆನ್ಸ್ ಪಡೆಯಬೇಕು. ಸೂಕ್ತ ಜಾಗ ಬೇಕು, ರಸಾಯನಶಾಸ್ತ್ರವೋ ಫಾರ್ಮಸಿಯೋ ಓದಿದ ಒಬ್ಬರ ಮೇಲ್ವಿಚಾರಣೆ ಬೇಕು, ಕಚ್ಚಾ ಸಾಮಗ್ರಿಯನ್ನೂ ತಯಾರಾದ ಪ್ರತಿ ಬ್ಯಾಚನ್ನೂ ಪರೀಕ್ಷಿಸಬೇಕು. ಬಣ್ಣಕ್ಕಾಗಿ ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ. ಪಾದರಸ ಬೆರೆಸುವಂತಿಲ್ಲ, ತಾನಾಗಿ ಬೆರೆತು ಬಂದರೂ ಕಣ್ಣಿನ ಸುತ್ತ ಬಳಸುವವುಗಳನ್ನು ಬಿಟ್ಟು ಉಳಿದವುಗಳಲ್ಲಿ ಹತ್ತು ಲಕ್ಷ ಭಾಗದಲ್ಲಿ 1 ಭಾಗವನ್ನು ಮೀರಬಾರದು.

ಓದಲು ಎಷ್ಟು ಚೆನ್ನಾಗಿದೆ! ಈಗ ಇದನ್ನು ನಿಮ್ಮ ಬೀದಿಗೆ ತಂದು ನೋಡಿ. ಒಬ್ಬ ವಿಧವೆ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಸಾಬೂನು ಮಾಡಿ ನೆರೆಹೊರೆಗೆ ಮಾರುತ್ತಾರೆ. ಇನ್ನೊಬ್ಬ ತಾಯಿ ಮದರಂಗಿ ಎಲೆ ಒಣಗಿಸಿ ಪುಡಿ ಮಾಡಿ ಕೋನ್ ಕಟ್ಟುತ್ತಾರೆ. ಒಂದು ಬ್ಯಾಚಿನ ಪರೀಕ್ಷೆಗೆ ಹತ್ತು ಸಾವಿರ ರೂಪಾಯಿ ತಗಲುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ದೊಡ್ಡ ಕಾರ್ಖಾನೆ ಒಂದು ಬ್ಯಾಚಿನಲ್ಲಿ ಐದು ಲಕ್ಷ ತುಂಡು ಮಾಡಿದರೆ ತುಂಡಿಗೆ ಎರಡು ಪೈಸೆ. ನಮ್ಮ ತಾಯಿ ಐನೂರು ತುಂಡು ಮಾಡಿದರೆ ತುಂಡಿಗೆ ಇಪ್ಪತ್ತು ರೂಪಾಯಿ. ನಿಯಮ ಎಲ್ಲರಿಗೂ ಒಂದೇ, ಆದರೆ ಅದರ ಭಾರ ಒಂದೇ ಅಲ್ಲ. ಕಾಯ್ದೆ ದೊಡ್ಡವರಿಗೆ ಅನುಕೂಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದದ್ದು ಇದಕ್ಕೇ. ಇಪ್ಪತ್ತು ರೂಪಾಯಿ ತೆರಲಾಗದವರು ಒಂದೋ ಕೆಲಸ ನಿಲ್ಲಿಸುತ್ತಾರೆ, ಇಲ್ಲವೇ ಲೇಬಲ್ ಇಲ್ಲದೆ ಕದ್ದು ಮಾರುತ್ತಾರೆ. ಎರಡನೆಯದರಿಂದ ನಿಮಗೂ ನಷ್ಟ, ಯಾಕೆಂದರೆ ಒಳ್ಳೆಯ ಕೋನ್ ಯಾವುದು, ಕೆಟ್ಟ ಕೋನ್ ಯಾವುದು ಎಂದು ಗುರುತಿಸುವ ದಾರಿಯೇ ಇರುವುದಿಲ್ಲ.

ದೊಡ್ಡವರೂ ಕೆಲವೊಮ್ಮೆ ಸಿಕ್ಕಿ ಬೀಳುತ್ತಾರೆ. ಆದರೆ ಹೇಗೆ ನೋಡಿ. ಜಾನ್ಸನ್ ಕಂಪೆನಿಯ ಬೇಬಿ ಪೌಡರಿನ ಮಾದರಿಗಳನ್ನು ಮಹಾರಾಷ್ಟ್ರದ ಅಧಿಕಾರಿಗಳು ತೆಗೆದುಕೊಂಡದ್ದು 2018ರ ಕೊನೆಯಲ್ಲಿ. ಆಮ್ಲ-ಕ್ಷಾರದ ಮಟ್ಟ ಸರಿಯಿಲ್ಲ ಎಂದು ವರದಿ ಬಂತು. ಮುಂಬಯಿಯ ಮುಲುಂದ್ ಘಟಕದ ಲೈಸೆನ್ಸ್ ರದ್ದಾದದ್ದು 2022ರ ಸೆಪ್ಟೆಂಬರ್‌ನಲ್ಲಿ! ಆ ಡಬ್ಬಿಯ ಪೌಡರ್ ಹಚ್ಚಿಸಿಕೊಂಡ ಮಗು ಅಷ್ಟು ಹೊತ್ತಿಗೆ ಅಂಗನವಾಡಿಗೆ ಸೇರಿರುತ್ತದೆ. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶಗಳನ್ನು ರದ್ದುಪಡಿಸಿ, ಇಷ್ಟು ತಡವಾಗಿ ಇಷ್ಟು ಕಠಿಣ ಕ್ರಮ ಸರಿಯಲ್ಲ ಎಂದಿತು. ಕಂಪೆನಿ ಸರಿಯೇ ಇಲಾಖೆ ಸರಿಯೇ ಎಂಬುದು ಇಲ್ಲಿ ನನ್ನ ವಿಷಯವಲ್ಲ. ವಿಳಾಸ, ಲೈಸೆನ್ಸ್, ಬ್ಯಾಚ್ ಸಂಖ್ಯೆ ಎಲ್ಲವೂ ಇರುವ ಕಾರ್ಖಾನೆಯ ಒಂದು ಬ್ಯಾಚಿನ ತೀರ್ಪಿಗೆ ನಾಲ್ಕು ವರ್ಷ ಹಿಡಿಯಿತು. ಹಾಗಾದರೆ ವಿಳಾಸವೇ ಇಲ್ಲದ ಕ್ರೀಮಿನ ತೀರ್ಪು ಯಾವಾಗ?

ಮಲಪ್ಪುರಂನ ಮೂತ್ರಪಿಂಡಗಳು

ವಿಳಾಸವಿಲ್ಲದ ಕ್ರೀಮಿನ ಕಥೆ ನಮ್ಮ ಪಕ್ಕದಲ್ಲೇ ನಡೆದಿದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಆಸ್ಪತ್ರೆಯೊಂದರಲ್ಲಿ ಮೂತ್ರಪಿಂಡದ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಕಾಲು ಊದಿಕೊಂಡು, ಮೂತ್ರದಲ್ಲಿ ಪ್ರೊಟೀನ್ ಸೋರಿ ಹೋಗುತ್ತಿರುವ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಇಂತಹ 22 ಮಂದಿಯಲ್ಲಿ 15 ಮಂದಿಗೆ ಅಪರೂಪದ ಒಂದು ಬಗೆಯ ಕಾಯಿಲೆ ಇತ್ತು. ಕೆದಕಿ ಕೇಳಿದಾಗ ಆ 15ರಲ್ಲಿ 13 ಮಂದಿ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದುದನ್ನು ಒಪ್ಪಿಕೊಂಡರು. ಕ್ರೀಮ್ ನಿಲ್ಲಿಸಿದ ಬಳಿಕ ಹೆಚ್ಚಿನವರಲ್ಲಿ ಕಾಯಿಲೆ ಇಳಿಯಿತು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ದಾಳಿ ಮಾಡಿ ಲೈಸೆನ್ಸ್ ಇಲ್ಲದ ಸರಕನ್ನು ವಶಪಡಿಸಿತು. ಮುಂದಿನ ವರ್ಷಗಳಲ್ಲೂ ಅದನ್ನು ಮುಂದುವರಿಸಿತು.

ಆ ಕ್ರೀಮುಗಳಲ್ಲಿ ಏನಿರುತ್ತದೆ? ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ತಯಾರಾಗದಂತೆ ಅದು ತಡೆಯುತ್ತದೆ. ಆದ್ದರಿಂದಲೇ ಎರಡು ವಾರದಲ್ಲಿ ಮುಖ ಬೆಳ್ಳಗಾಗುತ್ತದೆ, "ಒಳ್ಳೆಯ ಕ್ರೀಮ್" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಾಳೆ. ಚರ್ಮದ ಮೂಲಕ ಒಳಸೇರಿದ ಪಾದರಸ ಮೂತ್ರಪಿಂಡಕ್ಕೆ ಹೋಗಿ ಕೂರುತ್ತದೆ. ಅದರ ಆವಿ ಕೋಣೆಯ ಗಾಳಿಯಲ್ಲೂ ಟವೆಲಿನಲ್ಲೂ ಸೇರಿ, ಕ್ರೀಮ್ ಮುಟ್ಟದ ಮಗುವಿನ ದೇಹವನ್ನೂ ತಲುಪುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಪಾದರಸದ ದುರಂತದ ಹೆಸರಿನಲ್ಲೇ ಒಂದು ಅಂತಾರಾಷ್ಟ್ರೀಯ ಒಪ್ಪಂದವಿದೆ. ಭಾರತ ಅದಕ್ಕೆ 2018ರಲ್ಲಿ ಸೇರಿತು. 2025ರೊಳಗೆ ಪಾದರಸ ಬೆರೆಸಿದ ಸೌಂದರ್ಯವರ್ಧಕಗಳ ತಯಾರಿಕೆ, ಆಮದು, ರಫ್ತು ಪೂರ್ತಿ ನಿಲ್ಲಬೇಕೆಂದು ಆ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ತೀರ್ಮಾನಿಸಿದವು.

ತೀರ್ಮಾನ ಜಿನೀವಾದಲ್ಲಿ, ಡಬ್ಬಿ ನಮ್ಮ ಫ್ಯಾನ್ಸಿ ಸ್ಟೋರಿನಲ್ಲಿ. ನಮ್ಮ ಕಾನೂನಿನ ದೊಡ್ಡ ತೂತು ಇಲ್ಲಿದೆ. ಔಷಧಿ ಮಾರುವ ಅಂಗಡಿಗೆ ಲೈಸೆನ್ಸ್ ಬೇಕು, ಸೌಂದರ್ಯವರ್ಧಕ ಮಾರುವ ಅಂಗಡಿಗೆ ಅದು ಬೇಡ. ತಯಾರಕನ ಬಾಗಿಲಲ್ಲಿ ಮಾತ್ರ ಕಾವಲು. ಬ್ಯಾಗಿನಲ್ಲಿ ಗಡಿ ದಾಟಿ ಬಂದದ್ದಕ್ಕೆ, ಫೋನಿನಲ್ಲಿ ಆರ್ಡರ್ ಮಾಡಿ ಕೊರಿಯರ್‌ನಲ್ಲಿ ತರಿಸಿದ್ದಕ್ಕೆ ಆ ಬಾಗಿಲು ಅಡ್ಡ ಬರುವುದೇ ಇಲ್ಲ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ ಬಣ್ಣವನ್ನು. ಅಂತಹ ಸಮಾಜದಲ್ಲಿ ಆ ಕ್ರೀಮಿಗೆ ಗಿರಾಕಿಗಳ ಬರವೂ ಇಲ್ಲ. ಈ ವಿಷಯಕ್ಕೆ ಬೇರೆಯೇ ಲೇಖನ ಬೇಕು.

ಸುರುಮ, ಮದರಂಗಿ

ಸುರುಮದ ಬಗ್ಗೆ ಬರೆಯುವಾಗ ಸ್ವಲ್ಪ ಮೆಲ್ಲಗೆ ಮಾತಾಡಬೇಕಾಗುತ್ತದೆ, ಯಾಕೆಂದರೆ ಅದು ನಮಗೆ ಬರೀ ಅಲಂಕಾರವಲ್ಲ. ಹದೀಸ್‌ಗಳಲ್ಲಿ 'ಇಸ್ಮಿದ್' ಎಂಬ ಕಲ್ಲಿನ ಸುರುಮದ ಪ್ರಶಂಸೆ ಇದೆ. ಇಸ್ಮಿದ್ ಎಂದರೆ ಆಂಟಿಮನಿಯ ಅದಿರು ಎಂದು ಹಲವರು ಅರ್ಥೈಸುತ್ತಾರೆ. ಆದರೆ ಇಂದು ಅದೇ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಶೀಶೆಗಳಲ್ಲಿರುವುದು ನೋಡಲು ಹಾಗೆಯೇ ಮಿರುಗುವ ಗೆಲೀನ ಎಂಬ ಕಲ್ಲಿನ ಪುಡಿ. ಗೆಲೀನ ಎಂದರೆ ಸೀಸದ ಅದಿರು. ಕೆಲವು ಸುರುಮಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸದ ಸಂಯುಕ್ತವೇ ಇರುತ್ತದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸಿದೆ. 2011ರಲ್ಲಿ ಬಾಸ್ಟನ್‌ನಲ್ಲಿ ನೈಜೀರಿಯ ಮೂಲದ ಕುಟುಂಬದ ಒಂದು ಕೂಸಿನ ರಕ್ತದಲ್ಲಿ ಸೀಸ ಹೆಚ್ಚಿರುವುದು ಪತ್ತೆಯಾಯಿತು. ಮನೆಯ ಗೋಡೆ, ನೀರು ಎಲ್ಲ ಹುಡುಕಿದರು. ಕೊನೆಗೆ ಸಿಕ್ಕಿದ್ದು ಊರಿನಿಂದ ತಂದು ಕೂಸಿನ ಕಣ್ಣಿಗೆ ಹಚ್ಚುತ್ತಿದ್ದ 'ತಿರೊ' ಎಂಬ ಕಾಡಿಗೆ. ಅದರಲ್ಲಿ ನೂರಕ್ಕೆ 82.6 ಭಾಗ ಸೀಸ!

ಸೀಸಕ್ಕೆ 'ಇಷ್ಟಾದರೆ ಪರವಾಗಿಲ್ಲ' ಎಂಬ ಸುರಕ್ಷಿತ ಮಟ್ಟ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗೆ ಹಾಕುತ್ತದೆ. ಸೀಸ ಮೆದುಳಿಗೆ ಹೋಗುತ್ತದೆ, ಕಲಿಯುವ ಶಕ್ತಿ ಕುಂದುತ್ತದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಮಂಕಾಗಿ ಕೂರುವ ಮಗುವನ್ನು ನೋಡುವಾಗ ಶಿಕ್ಷಕನಾದವನಿಗೆ ಇದೂ ಒಮ್ಮೆ ನೆನಪಿಗೆ ಬರಬೇಕು. ಅಜ್ಜಿಯ ಕಾಲದಲ್ಲಿ ಏನೂ ಆಗಲಿಲ್ಲ ಎನ್ನುವವರನ್ನು ಕೇಳುತ್ತೇನೆ: ಆಗ ರಕ್ತದಲ್ಲಿ ಸೀಸ ಅಳೆದವರು ಯಾರು? ಸುನ್ನತ್‌ನ ಮೇಲಿನ ಪ್ರೀತಿ ದೊಡ್ಡದು. ಆದರೆ ಹೆಸರಿಲ್ಲದ ವ್ಯಾಪಾರಿ ಪ್ಯಾಕೆಟ್ಟಿನಲ್ಲಿ ತುಂಬಿದ ಪುಡಿಯೆಲ್ಲ ಸುನ್ನತ್ ಆಗುವುದಿಲ್ಲ. 'ಹಲಾಲ್' ಎಂಬ ಮುದ್ರೆಯನ್ನು ನಂಬಿ ಸುಮ್ಮನಿರುವವರೂ ಇದ್ದಾರೆ. ಆ ಮುದ್ರೆಯನ್ನು ನಾವು ಹುಡುಕುವುದು ಹಂದಿಯ ಕೊಬ್ಬು, ಮದ್ಯಸಾರ ಇಲ್ಲ ಎಂದು ತಿಳಿಯಲಿಕ್ಕೆ. ಸೀಸದ ಪ್ರಶ್ನೆಗೆ ಉತ್ತರ ಬೇರೆಯೇ ಬೇಕು.

ಮದರಂಗಿಯಲ್ಲಿ ತೊಂದರೆ ಎಲೆಯದ್ದಲ್ಲ, ಅವಸರದ್ದು. ಮದರಂಗಿಯ ಎಲೆಗೆ ತಾನಾಗಿ ಕಪ್ಪು ಬಣ್ಣ ಬರುವುದಿಲ್ಲ. ಅದು ಕಿತ್ತಳೆಯಿಂದ ಕೆಂಗಂದಿಗೆ ತಿರುಗುತ್ತದೆ, ಅದಕ್ಕೆ ಕೆಲವು ಗಂಟೆಗಳ ತಾಳ್ಮೆ ಬೇಕು. ಅರ್ಧ ಗಂಟೆಯಲ್ಲಿ ಕಡುಗಪ್ಪು ಚಿತ್ತಾರ ಮೂಡಿದರೆ ಅದರಲ್ಲಿ ಬೇರೇನೋ ಇದೆ ಎಂದೇ ತಿಳಿಯಿರಿ. ಡೇಟನ್‌ನ ತಾಯಿಯ ಕಣ್ಣು ಕಳೆದ ಅದೇ ಪಿಪಿಡಿ ಹೆಚ್ಚಿನ ಸಲ ಇಲ್ಲಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ತಲೆಗೂದಲಿಗೆ ಹಚ್ಚುವಾಗ ಅದು ನೂರಕ್ಕೆ 2 ಭಾಗ ಮೀರುವಂತಿಲ್ಲ, ಚರ್ಮಕ್ಕಂತೂ ಹಚ್ಚುವಂತೆಯೇ ಇಲ್ಲ. ಈದ್ ರಜೆ ಮುಗಿಸಿ ಬಂದ ನನ್ನ ಒಬ್ಬ ವಿದ್ಯಾರ್ಥಿನಿಯ ಅಂಗೈಯ ಹೂಬಳ್ಳಿ ಹೂಬಳ್ಳಿಯ ಆಕಾರದಲ್ಲೇ ಗುಳ್ಳೆಯಾಗಿ ಎದ್ದಿದ್ದನ್ನು ಕಂಡಿದ್ದೇನೆ. ಎರಡು ವಾರ ಅವಳಿಗೆ ಪೆನ್ ಹಿಡಿಯಲಾಗಲಿಲ್ಲ. ಗುಳ್ಳೆ ವಾಸಿಯಾದರೂ ಕಥೆ ಮುಗಿಯುವುದಿಲ್ಲ. ಒಮ್ಮೆ ಪಿಪಿಡಿಗೆ ಅಲರ್ಜಿ ಹತ್ತಿದ ದೇಹ ಅದನ್ನು ಮರೆಯದು. ಮುಂದೆ ನಲವತ್ತು ದಾಟಿ ತಲೆಗೆ ಡೈ ಹಚ್ಚಿದ ದಿನ ಮುಖವೇ ಊದಬಹುದು.

ಯಾವ ಪರೀಕ್ಷೆ, ಯಾರಿಗೆ?

ಈಗ ಸಾಬೂನು ಮಾಡುವ ವಿಧವೆಯನ್ನೂ ಪಾದರಸ ತುಂಬುವ ಕಳ್ಳ ವ್ಯಾಪಾರಿಯನ್ನೂ ಒಂದೇ ನಿಯಮದಲ್ಲಿ ಕಟ್ಟುವುದು ಸರಿಯೇ ಎಂದು ಕೇಳೋಣ. ಇದಕ್ಕೆ ಅಮೆರಿಕ 2022ರ ಕೊನೆಯಲ್ಲಿ ತಂದ ಹೊಸ ಕಾನೂನಿನಲ್ಲಿ ಒಂದು ಉಪಾಯವಿದೆ. ಮೂರು ವರ್ಷಗಳ ಸರಾಸರಿ ಮಾರಾಟ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ಇರುವ ಸಣ್ಣ ತಯಾರಕರಿಗೆ ನೋಂದಣಿ, ವಸ್ತುಗಳ ಪಟ್ಟಿ ಸಲ್ಲಿಕೆ ಮುಂತಾದ ಹೊರೆಗಳಿಂದ ವಿನಾಯಿತಿ. ಆದರೆ ಕಣ್ಣಿನ ಒಳಪೊರೆಗೆ ತಾಗುವಂಥದ್ದು, ದೇಹದೊಳಕ್ಕೆ ಚುಚ್ಚುವ ಅಥವಾ ಸೇರಿಸುವಂಥದ್ದು, 24 ಗಂಟೆಗಿಂತ ಹೆಚ್ಚು ಕಾಲ ರೂಪ ಬದಲಿಸಿ ಉಳಿಯುವಂಥದ್ದು ತಯಾರಿಸಿದರೆ ಎಷ್ಟೇ ಸಣ್ಣವರಾದರೂ ವಿನಾಯಿತಿ ಇಲ್ಲ. ತಮ್ಮ ವಸ್ತು ಸುರಕ್ಷಿತ ಎಂಬುದಕ್ಕೆ ಆಧಾರವನ್ನಂತೂ ಎಲ್ಲರೂ ಇಟ್ಟುಕೊಳ್ಳಲೇಬೇಕು. ಇದನ್ನು ಅಮೆರಿಕದವರು ನಮ್ಮ ಮನೆಯ ಕಪಾಟು ನೋಡಿ ಬರೆದರೇನೋ ಅನಿಸುತ್ತದೆ. ಸಾಬೂನಿನವರಿಗೆ ಬಿಡುವು, ಸುರುಮದವರಿಗೆ ಇಲ್ಲ.

ನಮ್ಮಲ್ಲೂ ಹೀಗೇ ಆಗಬೇಕೆಂಬುದು ನನ್ನ ಅಭಿಪ್ರಾಯ. ತೊಳೆದು ಬಿಡುವ ಸಾಬೂನಿಗೆ, ತಲೆಯ ಎಣ್ಣೆಗೆ ಹಗುರವಾದ ನಿಯಮ ಸಾಕು. ಕಣ್ಣಿಗೆ, ತುಟಿಗೆ ಹಚ್ಚುವುದಕ್ಕೆ, ಬಣ್ಣ ಬಿಳಿಚಿಸುವುದಕ್ಕೆ, ಮಕ್ಕಳಿಗೆ ಬಳಸುವುದಕ್ಕೆ ಸೀಸ, ಪಾದರಸ, ಪಿಪಿಡಿ ಈ ಮೂರರ ಪರೀಕ್ಷೆ ಕಡ್ಡಾಯವಾಗಲಿ. ಸಣ್ಣವರ ಪಾಲಿನ ಪರೀಕ್ಷೆಯ ಖರ್ಚನ್ನು ಸರಕಾರಿ ಪ್ರಯೋಗಾಲಯ ಭರಿಸಲಿ. ಹಣವೆಲ್ಲಿದೆ ಎಂದು ಯಾರಾದರೂ ಕೇಳಬಹುದು. 2024ರಲ್ಲಿ ನಮ್ಮ ರಾಜ್ಯದವರೇ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಮಾದರಿಗಳನ್ನು ಅಂಗಡಿ ಅಂಗಡಿಯಿಂದ ತೆಗೆದು ಪರೀಕ್ಷಿಸಿ ಕೃತಕ ಬಣ್ಣಗಳನ್ನು ನಿಷೇಧಿಸಿದರಲ್ಲ? ತಟ್ಟೆಯ ಬಣ್ಣಕ್ಕೆ ಆದದ್ದು ತುಟಿಯ ಬಣ್ಣಕ್ಕೂ ಆಗಬಹುದು. ಅದೂ ಹೊಟ್ಟೆಗೇ ಹೋಗುವುದು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಏನು? ಡಬ್ಬಿಯ ಮೇಲೆ ಲೈಸೆನ್ಸ್ ಸಂಖ್ಯೆ ಇಲ್ಲದಿದ್ದರೆ, ವಿದೇಶಿ ವಸ್ತುವಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇಲ್ಲದಿದ್ದರೆ ಕೊಳ್ಳಬೇಡಿ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ತಾಗದಂತೆ ಬಳಸಿ ಎಂದು ಬರೆದ ಕ್ರೀಮ್ ಕಂಡರೆ ಅದರಲ್ಲಿ ಪಾದರಸವಿರುವ ಸಾಧ್ಯತೆ ಇದೆ. ಘಟಕಗಳ ಪಟ್ಟಿಯಲ್ಲಿ ಮರ್ಕ್ಯುರಿ, ಕ್ಯಾಲೊಮೆಲ್ ಎಂಬ ಹೆಸರಿದ್ದರೂ ಅಷ್ಟೇ. ಅಂತಹ ಕ್ರೀಮ್ ಹಚ್ಚುತ್ತಿರುವವರ ಕಾಲು ಅಥವಾ ಮುಖ ಊದಿಕೊಂಡರೆ, ಮೂತ್ರದಲ್ಲಿ ನೊರೆ ಕಂಡರೆ ವೈದ್ಯರಿಗೆ ಕ್ರೀಮಿನ ವಿಷಯವನ್ನೂ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ವೈದ್ಯರು ಕಾರಣಕ್ಕಾಗಿ ಬೇರೆ ಕಡೆ ಹುಡುಕುತ್ತಾರೆ.

ಇನ್ನೊಂದು ದಾರಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೆಯ ಕಲಮು ಪರೀಕ್ಷೆಯ ಹಕ್ಕನ್ನು ಇನ್‌ಸ್ಪೆಕ್ಟರ್‌ಗೆ ಮಾತ್ರ ಬಿಟ್ಟಿಲ್ಲ. ತಾನು ಕೊಂಡ ಸೌಂದರ್ಯವರ್ಧಕವನ್ನು ಯಾವುದೇ ವ್ಯಕ್ತಿ, ಮಾನ್ಯತೆ ಪಡೆದ ಯಾವುದೇ ಗ್ರಾಹಕ ಸಂಘ ನಿಗದಿತ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಗೆ ಕಳಿಸಿ ವರದಿ ಕೇಳಬಹುದು. ಒಬ್ಬರಿಗೆ ಶುಲ್ಕ ಭಾರವೆನಿಸಿದರೆ ಜಮಾಅತ್‌ನ, ಸ್ತ್ರೀಶಕ್ತಿ ಸಂಘದ, ಶಾಲೆಯ ತಾಯಂದಿರ ಸಭೆಯ ಹತ್ತು ಮಂದಿ ಹಂಚಿಕೊಳ್ಳಬಹುದು. ರಮಝಾನ್ ಬರುವ ಮುಂಚೆ ಊರಿನಲ್ಲಿ ಹೆಚ್ಚು ಮಾರಾಟವಾಗುವ ಒಂದು ಸುರುಮ, ಒಂದು ಕೋನ್, ಒಂದು ಕ್ರೀಮ್ ಆರಿಸಿ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಹೋಗಿ ಅರ್ಜಿಯ ನಮೂನೆ ಕೇಳಿ. ಕೊಳ್ಳುವಾಗ ಬಿಲ್ಲು ಪಡೆಯಿರಿ, ಹೊರ ಪೆಟ್ಟಿಗೆಯನ್ನೂ ಬ್ಯಾಚ್ ಸಂಖ್ಯೆ ಇರುವ ಭಾಗವನ್ನೂ ಎಸೆಯಬೇಡಿ, ಒಂದು ಡಬ್ಬಿಯನ್ನು ತೆರೆಯದೆ ಹಾಗೆಯೇ ಇಡಿ.